ಓದುಗರ ಕವರು ಒಡೆಯುವ ಕತ್ತರಿಯಕ್ಕ

ಕವರಿನ ಅಂಚನ್ನು ನೂಲಿನಷ್ಟೇ ಅಗಲ ಕತ್ತರಿಸಬೇಕು. ಹೆಚ್ಚಾದರೆ ಒಳಗಿನ ಹಾಳೆಗೆ ಗಾಯ, ಕಡಿಮೆಯಾದರೆ ಕವರು ಬಾಯಿ ಬಿಡುವುದಿಲ್ಲ. ಕತ್ತರಿಯಕ್ಕ ಕವರನ್ನು ಮೇಜಿಗೆ ತಟ್ಟಿ ಹಾಳೆಯನ್ನು ಒಂದು ಬದಿಗೆ ಸರಿಸುತ್ತಾರೆ, ಕತ್ತರಿ ಓಡಿಸುತ್ತಾರೆ, ಎರಡು ಬೆರಳಲ್ಲಿ ಪತ್ರ ಎಳೆದು ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಸಂಖ್ಯೆ ಹಾಕುತ್ತಾರೆ. ಮೂವತ್ತೆಂಟು. ಬೆಳಗಿನ ಗಂಟೆ ಇನ್ನೂ ಆರೂವರೆ. ದಿನಪತ್ರಿಕೆಯ ಕಚೇರಿಯ ನೆಲಮಹಡಿಯ ಈ ಕೋಣೆಯಲ್ಲಿ ಒಂದು ಮೇಜು, ಮೂರು ಟ್ರೇ, ಗೋಡೆಗೆ ಒರಗಿಸಿದ ಅಂಚೆ ಚೀಲ. ಮೇಲಿನ ಮಹಡಿಗಳಲ್ಲಿ ಕುರ್ಚಿಗಳೆಲ್ಲ ಖಾಲಿ.

ಸುದ್ದಿ ಓದಿ ಸುಮ್ಮನಿರಲಾಗದವರು ಪತ್ರಿಕೆಗೆ ಬರೆಯುತ್ತಾರಲ್ಲ, ಆ ಪತ್ರಗಳನ್ನು ಒಡೆದು ವಿಂಗಡಿಸುವುದು ಕತ್ತರಿಯಕ್ಕನ ಕೆಲಸ. ವಯಸ್ಸು ಅರವತ್ತೊಂದು, ಈ ಮೇಜಿಗೆ ಬಂದು ಇಪ್ಪತ್ತಾರು ವರ್ಷ. ದಿನಕ್ಕೆ ನೂರನಲವತ್ತು ಕವರು ಬರುತ್ತವೆ, ಅಚ್ಚಾಗುವುದು ಹನ್ನೊಂದು. ಉಳಿದ ನೂರಿಪ್ಪತ್ತೊಂಬತ್ತನ್ನು ಪೂರ್ತಿ ಓದಿದವರು ಊರಿನಲ್ಲಿ ಇವರೊಬ್ಬರೇ.

“ರಾಜಕೀಯದ ಪತ್ರ ಕೈಗೆ ಬಂದ ಕೂಡಲೇ ಗೊತ್ತಾಗುತ್ತೆ, ಹಾಳೆ ಹಿಂದೆಲ್ಲ ಉಬ್ಬಿರುತ್ತೆ. ಪೆನ್ನು ಅಷ್ಟು ಒತ್ತಿರ್ತಾರೆ” ಎನ್ನುತ್ತಾರೆ. ಆಟದ ಪತ್ರಗಳ ಚಾಳಿಯೇ ಬೇರೆ. ತಂಡ ಸೋತರೆ ಮರುದಿನವೇ ರಾಶಿ ಬೀಳುತ್ತವೆ, ಗೆದ್ದರೆ ಯಾರಿಗೂ ಅವಸರವಿಲ್ಲ. ನಿವೃತ್ತ ಗುಮಾಸ್ತರೊಬ್ಬರು ಪ್ರತಿ ಸೋಲಿಗೂ ‘ಇನ್ನು ಮುಂದೆ ಪಂದ್ಯ ನೋಡುವುದಿಲ್ಲ’ ಎಂದು ಬರೆಯುತ್ತಾರೆ. ಇದುವರೆಗೆ ನಲವತ್ತಮೂರು ಸಲ ಬಿಟ್ಟಿದ್ದಾರೆ. ಮೂರನೆಯ ಟ್ರೇ ಈಚಿನದು. ಮೊಬೈಲಿನಲ್ಲಿ ನಮ್ಮ ಮಾತು ಕೇಳಿಸಿಕೊಳ್ಳುತ್ತಾರಂತೆ ನಿಜವೇ, ಅಂಗಡಿಯವನಿಗೆ ನನ್ನ ನಂಬರು ಯಾಕೆ ಬೇಕು, ಮೆಟ್ಟಿಲ ಮೇಲೆ ಕ್ಯಾಮೆರಾ ಇಟ್ಟವರು ಯಾರು ಎಂದೆಲ್ಲ ಕೇಳುವ ಪತ್ರಗಳು ಅದಕ್ಕೆ ಹೋಗುತ್ತವೆ. “ಅವುಗಳಿಗೆ ಗೋಂದು ಜಾಸ್ತಿ. ಮೇಲೆ ಪಿನ್ನು, ಅದರ ಮೇಲೆ ಅಂಟುಪಟ್ಟಿ. ಒಡೆಯೋವಾಗ ನನಗೇ ಕಳ್ಳತನ ಮಾಡಿದ ಹಾಗಾಗುತ್ತೆ.”

ಮನೆಯಲ್ಲಿ ಇವರೂ ತಂಗಿಯೂ ಇಬ್ಬರೇ. ತಂಗಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯಿದೆ. “ಊರಿನವರ ಕೊಳೆ ನಾನು ತೊಳೀತೀನಿ, ಗುಟ್ಟು ಇವಳು ನುಂಗ್ತಾಳೆ. ಒಂದು ದಿನಾನೂ ಬಾಯಿಬಿಟ್ಟವಳಲ್ಲ. ಊಟದ ಹೊತ್ತಿಗೆ ಒಂದಾದ್ರೂ ಹೇಳು ಮಾರಾಯ್ತಿ ಅಂದ್ರೆ, ಸಾರಿಗೆ ಉಪ್ಪು ಕಡಿಮೆ ಅಂತಾಳೆ” ಎಂದು ತಂಗಿ ನಗುತ್ತಾರೆ.

ಅಷ್ಟು ಬಿಗಿ ಬಾಯಿಯವರ ಕೈ ಒಮ್ಮೆ ತಪ್ಪಿತು. ಮೂರು ವರ್ಷದ ಹಿಂದಿನ ಮಾತು.

ಈ ಕಚೇರಿಯಲ್ಲಿ ಆಗ ಒಂದು ಪದ್ಧತಿಯಿತ್ತು. ಒಂದೇ ಹಾಳೆಯಲ್ಲಿ ಎರಡು ವಿಷಯ ಬಂದರೆ ಅದನ್ನು ಅಡ್ಡಕ್ಕೆ ಕತ್ತರಿಸಿ, ಎರಡು ತುಂಡಿಗೂ ಒಂದೇ ಸಂಖ್ಯೆ ಹಾಕಿ, ಒಂದನ್ನು ಎರಡನೆಯ ಮಹಡಿಯ ಪತ್ರ ವಿಭಾಗಕ್ಕೂ ಇನ್ನೊಂದನ್ನು ಮೂರನೆಯ ಮಹಡಿಯ ಕ್ರೀಡಾ ವಿಭಾಗಕ್ಕೂ ಕಳಿಸುವುದು. ಒಮ್ಮೆ ಮೇಲೆ ಹೋದ ಹಾಳೆ ಕೆಳಗಿಳಿಯುತ್ತಿರಲಿಲ್ಲ, ಅದಕ್ಕೇ ಈ ಉಪಾಯ. ಕತ್ತರಿಯಕ್ಕ ಎಂಬ ಅಡ್ಡಹೆಸರು ಬಂದದ್ದೂ ಅದರಿಂದಲೇ.

ಆ ದಿನ ಬಂದ ಪತ್ರ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಮಾಡುವ ಹೆಂಗಸಿನದು. ಮೇಲಿನ ಅರ್ಧದಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡ ಗೆದ್ದ ಸಂತೋಷ. ಕೆಳಗಿನ ಅರ್ಧದಲ್ಲಿ, ಕಾರ್ಖಾನೆಯ ಹೆಂಗಸರು ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೇ ಕ್ಯಾಮೆರಾ ಮುಖ ಮಾಡಿರುವ ದೂರು, ಕೊನೆಗೆ ಹೆಸರು, ಕಾರ್ಖಾನೆಯ ವಿಳಾಸ. ‘ದಯವಿಟ್ಟು ನನ್ನ ಹೆಸರು ಹಾಕಬೇಡಿ’ ಎಂಬ ಸಾಲು ಮಾತ್ರ ಹಾಳೆಯ ನೆತ್ತಿಯಲ್ಲಿತ್ತು. ಕತ್ತರಿ ನಡುವೆ ಹಾಯಿತು. ಕೋರಿಕೆ ಮೂರನೆಯ ಮಹಡಿಗೆ ಹೋಯಿತು, ಹೆಸರು ಎರಡನೆಯದಕ್ಕೆ. ಮರುದಿನ ಫುಟ್‌ಬಾಲಿನ ಸಂತೋಷ ‘ಓದುಗರೊಬ್ಬರು’ ಎಂದು ಅಚ್ಚಾಯಿತು. ಕ್ಯಾಮೆರಾದ ದೂರು ಪೂರ್ತಿ ಹೆಸರಿನೊಂದಿಗೆ ಅಚ್ಚಾಯಿತು.

ಹದಿನೈದು ದಿನ ಕಳೆದು ಒಂದು ಅಂಚೆ ಕಾರ್ಡು ಬಂತು. ‘ನಾನು ಹೆಸರು ಬೇಡ ಎಂದಿದ್ದೆ.’ ಅಷ್ಟೇ.

ಕಾರ್ಡು ಹಿಡಿದುಕೊಂಡು ಕತ್ತರಿಯಕ್ಕ ಪತ್ರ ವಿಭಾಗದ ಉಪಸಂಪಾದಕರ ಹತ್ತಿರ ಹೋದರು. ತಿದ್ದುಪಡಿ ಹಾಕಿದರೆ ಆ ಹೆಸರು ಇನ್ನೊಮ್ಮೆ ಊರ ಕಣ್ಣಿಗೆ ಬೀಳುತ್ತದೆ, ಸುಮ್ಮನಿರುವುದೇ ವಾಸಿ ಎಂದರು ಅವರು. ಆ ಮಾತು ಸರಿಯೂ ಇತ್ತು. ಅಂದಿನಿಂದ ಹಾಳೆ ಕತ್ತರಿಸುವುದು ನಿಂತಿತು. ಎರಡು ವಿಷಯ ಬಂದರೆ ಇಡೀ ಪತ್ರದ ನಕಲು ತೆಗೆದು ಎರಡೂ ಕಡೆ ಕಳಿಸುತ್ತಾರೆ. ಆದರೆ ಅದೇ ವಾರ ಕತ್ತರಿಯಕ್ಕ ಕೂತು ಬರೆದ ಕ್ಷಮಾಪಣೆಯ ಪತ್ರ ಮೂರು ವರ್ಷ ಮೇಜಿನ ಖಾನೆಯಲ್ಲೇ ಉಳಿಯಿತು.

ಯಾಕೆ ಕಳಿಸಲಿಲ್ಲ? ತಂಗಿಯ ಅಂಗಡಿಯಲ್ಲಿ ಕೂತು ಹೇಳುತ್ತಾರೆ: “ವಿಳಾಸ ಅವರು ಕೊಟ್ಟಿದ್ದು ಪತ್ರಿಕೆಗೆ, ನನಗಲ್ಲ. ಅದನ್ನ ಎತ್ಕೊಂಡು ಅವರನ್ನ ಹುಡುಕ್ಕೊಂಡು ಹೋದ್ರೆ ನನಗೂ ಆ ಕ್ಯಾಮೆರಾಕ್ಕೂ ಏನು ವ್ಯತ್ಯಾಸ?”

ಇಸ್ತ್ರಿ ಮಾಡುತ್ತಿದ್ದ ತಂಗಿ ತಲೆಯೆತ್ತುವುದಿಲ್ಲ. “ಅರ್ಧ ನಿಜ. ಇನ್ನರ್ಧ ಹೇಳು.”

“ಇನ್ನರ್ಧ ಹೆದರಿಕೆ” ಎನ್ನುತ್ತಾರೆ ಕತ್ತರಿಯಕ್ಕ. “ನನ್ನದು ವರ್ಷ ವರ್ಷ ಮುಂದುವರಿಸೋ ಕೆಲಸ. ತಪ್ಪು ನನ್ನದೇ ಅಂತ ಬರೆದುಕೊಟ್ರೆ ಮುಂದಿನ ವರ್ಷ ಇಡ್ಕೊಳ್ತಾರಾ?”

ಕಳೆದ ಮಂಗಳವಾರ ಅಂಚೆ ಚೀಲದಲ್ಲಿ ಒಂದು ಕವರು ಬಂತು. ಬರಹ ನೋಡಿದ ಕೂಡಲೇ ಗುರುತು ಸಿಕ್ಕಿತು, ಆ ಹೊಲಿಗೆಯ ಹೆಂಗಸಿನದು. ಒಳಗೆ ಒಂದು ಹಾಳೆ, ಅದರ ಜೊತೆ ಅದೇ ಹೆಂಗಸು ತನ್ನ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಖಾಲಿ ಕವರು. ‘ಅಚ್ಚು ಹಾಕಲು ಅಲ್ಲ’ ಎಂದು ಮೊದಲಾಗುವ ಆ ಪತ್ರದಲ್ಲಿ ಹೀಗಿತ್ತು: ‘ಕಾರ್ಖಾನೆಯವರು ಕ್ಯಾಮೆರಾ ತೆಗೆದರು, ನನ್ನನ್ನೂ ತೆಗೆದರು. ಈಗ ಸ್ವಂತ ಅಂಗಡಿಯಲ್ಲಿ ಆಟಗಾರರ ಜೆರ್ಸಿ ಹೊಲಿಯುತ್ತೇನೆ. ಕೋಪ ಮುಗಿದಿದೆ. ಒಂದು ಕುತೂಹಲ ಮಾತ್ರ ಹೋಗಿಲ್ಲ. ಒಂದೇ ಹಾಳೆಯಲ್ಲಿ ಬರೆದಿದ್ದೆ. ಫುಟ್‌ಬಾಲಿಗೆ ಹೆಸರು ಬಿಟ್ಟವರು ಇದಕ್ಕೆ ಯಾಕೆ ಹಾಕಿದಿರಿ? ಬೇಕೆಂದೇ ಮಾಡಿದಿರಾ?’

ಆ ಕೊನೆಯ ಪ್ರಶ್ನೆ ಕತ್ತರಿಯಕ್ಕನನ್ನು ಮೂರು ದಿನ ಸರಿಯಾಗಿ ಉಣ್ಣಲು ಬಿಡಲಿಲ್ಲ. “ಬೇಕಂತ ಮಾಡಿರಬಹುದು ಅಂತ ಮೂರು ವರ್ಷ ಅಂದ್ಕೊಂಡೇ ಇದ್ದಾರಲ್ಲ. ನಾನು ಸುಮ್ಮನಿದ್ದದ್ದಕ್ಕೇ ತಾನೇ?”

ಈ ಬೆಳಿಗ್ಗೆ ಒಂಬತ್ತಕ್ಕೆ ಉಪಸಂಪಾದಕರು ಬಂದಾಗ ಕತ್ತರಿಯಕ್ಕ ಮೇಲೆ ಹೋಗಿ ಆಕೆಯ ಪತ್ರವನ್ನೂ ತಮ್ಮ ಹಳೆಯ ಕ್ಷಮಾಪಣೆಯನ್ನೂ ಅವರ ಮುಂದಿಡುತ್ತಾರೆ.

ಅವರು ಕನ್ನಡಕ ಏರಿಸಿ ಓದುತ್ತಾರೆ. “ಕಚೇರಿ ಪರವಾಗಿ ಎರಡು ಸಾಲು ಟೈಪ್ ಮಾಡಿಸ್ತೀನಿ ಅಕ್ಕ. ‘ಕಣ್ತಪ್ಪಿನಿಂದಾಗಿದೆ, ವಿಷಾದಿಸುತ್ತೇವೆ’ ಅಂತ. ನಿಮ್ಮ ಹೆಸರು ಯಾಕೆ ಮಧ್ಯದಲ್ಲಿ?”

“ಅವರು ಕೇಳಿದ್ದು ಯಾಕೆ ಅಂತ. ಕಚೇರಿಗೆ ಗೊತ್ತಿಲ್ಲ ಅದು, ನನಗೆ ಗೊತ್ತು.”

“ನಾಳೆ ಯಾರಾದ್ರೂ ವಕೀಲರ ಕೈಗೆ ಸಿಕ್ರೆ ನಾನು ನಿಮ್ಮ ಪರ ಮಾತಾಡೋಕಾಗಲ್ಲ.”

“ಆಡಬೇಡಿ ಸ್ವಾಮಿ. ನಿಮಗೆ ಹೇಳದೆ ಕಳಿಸಬಾರದು ಅಂತ ಬಂದೆ, ಕೇಳೋಕಲ್ಲ.”

ಉಪಸಂಪಾದಕರು, “ಯಾರಾದ್ರೂ ಕೇಳಿದ್ರೆ, ಕಳಿಸೋ ಮುಂಚೆ ನಾನು ಓದಿದ್ದೀನಿ ಅಂತ ಬೇಕಾದ್ರೆ ಹೇಳ್ತೀನಿ. ಅಷ್ಟೇ” ಎಂದು ಪತ್ರಗಳನ್ನು ಹಿಂದಕ್ಕೆ ಕೊಡುತ್ತಾರೆ.

ಕೆಳಗಿಳಿದು ಬಂದ ಕತ್ತರಿಯಕ್ಕ ತಮ್ಮ ಹಳೆಯ ಪತ್ರವನ್ನು ಬಿಡಿಸುತ್ತಾರೆ. ಮಡಿಕೆಯ ಗೆರೆ ಹಳದಿಯಾಗಿದೆ. ಹಾಳೆ ಎಲ್ಲಿ ತುಂಡಾಯಿತು, ಯಾವ ತುಂಡು ಯಾವ ಮಹಡಿಗೆ ಹೋಯಿತು, ಎಲ್ಲವೂ ಅದರಲ್ಲಿದೆ. ಅಡಿಯಲ್ಲಿ ಒಂದು ಸಾಲು ಸೇರಿಸುತ್ತಾರೆ: ‘ಬೇಕೆಂದು ಮಾಡಿದ್ದಲ್ಲ. ನೆತ್ತಿಯ ಸಾಲು ಓದದೆ ಕತ್ತರಿಸಿದೆ.’ ಆಮೇಲೆ ತಮ್ಮ ಹೆಸರು ಬರೆಯುತ್ತಾರೆ, ಪೂರ್ತಿಯಾಗಿ. ಅದರ ಕೆಳಗೆ ಮನೆಯ ವಿಳಾಸ, ಬಾಗಿಲ ಸಂಖ್ಯೆ, ಯಾವ ತಿರುವಿನಲ್ಲಿ ಇಸ್ತ್ರಿ ಅಂಗಡಿ ಇದೆ ಎಂಬುದನ್ನೂ.

“ಅವರದು ನಮ್ಮ ಹತ್ರ ಇದೆ. ನಮ್ಮದು ಅವರ ಹತ್ರ ಇರಲಿ” ಎನ್ನುತ್ತಾ ಪತ್ರವನ್ನು ಆಕೆ ಕಳಿಸಿದ ಕವರಿಗೆ ಹಾಕಿ, ಅದರ ನಾಲಿಗೆಗೆ ಗೋಂದು ಸವರಿ, ಅಂಗೈಯಲ್ಲಿ ಒತ್ತಿ ಹಿಡಿಯುತ್ತಾರೆ.

ಬಾಗಿಲಲ್ಲಿ ಅಂಚೆಯವನು ಖಾಲಿ ಚೀಲ ಮಡಚುತ್ತಿದ್ದಾನೆ. ಈ ಕೋಣೆಯಿಂದ ಹೊರಗೆ ಹೋಗುವ ಕಾಗದ ಅವನಿಗೆ ಹೊಸದು. “ಇದೇನಕ್ಕ, ಇವತ್ತು ನೀವೇ ಕೊಡ್ತಿದ್ದೀರಿ?”

“ಜೋಪಾನ. ಮೂರು ವರ್ಷ ತಡವಾಗಿದೆ.”

ಅವನು ಕವರನ್ನು ತಿರುಗಿಸಿ ನೋಡಿ ಅಂಗಿಯ ಒಳಜೇಬಿಗೆ ಸೇರಿಸಿಕೊಂಡು ಸೈಕಲ್ ಹತ್ತುತ್ತಾನೆ.