ಚೀಟಿ ಇಲ್ಲದ ಗಾಯಾಳು

ಮೊನ್ನೆ ಶಿರಸಿಯ ಬಟ್ಟೆ ಅಂಗಡಿಯಲ್ಲಿ ಯಾರೋ ಕೋರಾ ಬಟ್ಟೆಯ ಥಾನು ಬಿಚ್ಚಿದರು. ಆ ಗಂಜಿಯ ವಾಸನೆ ಬಂದದ್ದೇ ತಡ, ನನ್ನ ಬೆರಳುಗಳು ತಾವಾಗಿ ಗಾಳಿಯಲ್ಲಿ ಬ್ಯಾಂಡೇಜಿನ ಗಂಟು ಹಾಕತೊಡಗಿದವು. ಅಂಗಡಿಯವ ವಿಚಿತ್ರವಾಗಿ ನೋಡಿದ. ಅವನಿಗೆ ಹೇಳಲಾಗಲಿಲ್ಲ, ನಿಮಗಾದರೂ ಹೇಳುತ್ತೇನೆ.

ಸಿದ್ದಾಪುರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಕೆಲವು ವರ್ಷಗಳ ಹಿಂದೆ ನಮ್ಮೂರಿನ ಸ್ವಯಂಸೇವಕರ ತುರ್ತು ದಳಕ್ಕೆ ಸೇರಿದೆ. ನೆರೆ, ಬೆಂಕಿ, ಅಪಘಾತ ಎಂದಾಗ ಪೊಲೀಸರ, ಆಸ್ಪತ್ರೆಯವರ ಬೆನ್ನಿಗೆ ನಿಲ್ಲುವ ದಳ ಅದು. ಸೇವೆಯ ಹಂಬಲವಿತ್ತು ಎಂದರೆ ಸುಳ್ಳಾದೀತು. ಹೊಟ್ಟೆ ಕರಗಲಿ ಎಂದು ಹೆಂಡತಿಯೇ ಅರ್ಜಿ ತುಂಬಿಸಿದ್ದಳು. ಕಾಲೇಜಿನ ಕೆಡೆಟ್‌ಗಳ ಸಾಲಿನಲ್ಲಿ ನಲವತ್ತು ದಾಟಿದವ ನಾನೊಬ್ಬನೇ. ತರಬೇತಿ ಕೊಡುತ್ತಿದ್ದವರು ಗಂಗಕ್ಕ. ವಾರವಿಡೀ ಹೊಲಿಗೆ ಯಂತ್ರ ತುಳಿದು, ಭಾನುವಾರ ಖಾಕಿ ತೊಡುತ್ತಿದ್ದರು. ನಮ್ಮ ಅಭ್ಯಾಸದ ಬ್ಯಾಂಡೇಜುಗಳನ್ನೂ ಕೋರಾ ಬಟ್ಟೆಯಲ್ಲಿ ಅವರೇ ಹೊಲಿದು ತರುತ್ತಿದ್ದರು. "ಎಡಕ್ಕೆ ತಿರುಗು ಅಂದ್ರೆ ಎಂತಕ್ಕೆ ಯೋಚ್ನೆ ಮಾಡ್ತಿ? ತಿರುಗು," ಎನ್ನುತ್ತಿದ್ದರು.

ಒಮ್ಮೆ ಮೈದಾನದಲ್ಲಿ ಅಣಕು ಕಾರ್ಯಾಚರಣೆ ನಡೆಯಿತು. ಬಸ್ಸು ಪಲ್ಟಿಯಾಗಿದೆ ಎಂದುಕೊಳ್ಳಬೇಕು. ಅರ್ಧ ಕೆಡೆಟ್‌ಗಳು ಕೆಂಪು ಬಣ್ಣ ಬಳಿದುಕೊಂಡು, 'ಕಾಲು ಮುರಿತ', 'ತಲೆಗೆ ಪೆಟ್ಟು' ಎಂಬ ಚೀಟಿ ಕೊರಳಿಗೆ ಕಟ್ಟಿಕೊಂಡು ನರಳುತ್ತಿದ್ದರು. ಪೆಂಡಾಲಿನ ನೆರಳಲ್ಲಿ ವಯಸ್ಸಾದ ಹೆಂಗಸೊಬ್ಬಳು ಬಸಳೆ ಸೊಪ್ಪಿನ ಬುಟ್ಟಿಯ ಪಕ್ಕ ಒರಗಿ ಬಿದ್ದಿದ್ದಳು. ಹೆಸರು ಕೇಳಿದೆ, ಉತ್ತರವಿಲ್ಲ. ಭುಜ ತಟ್ಟಿದೆ, ಕಣ್ಣು ಬಿಡಲಿಲ್ಲ. ಗಂಗಕ್ಕ ಎಲ್ಲಿಂದ ಇಷ್ಟು ಒಳ್ಳೆಯ ನಟಿಯನ್ನು ಹುಡುಕಿ ತಂದರಪ್ಪ ಎಂದುಕೊಂಡೆ. ಬಾಯಲ್ಲಿ ಎಲೆಯಡಿಕೆಯ ಕವಳ ಬೇರೆ. ಅದೂ ಪರೀಕ್ಷೆಯೇ ಇರಬೇಕೆಂದು ಬೆರಳು ಹಾಕಿ ಅಡಿಕೆ ಚೂರನ್ನೆಲ್ಲ ತೆಗೆದೆ. ಪಕ್ಕಕ್ಕೆ ಹೊರಳಿಸಿ, ಉಸಿರು ನೋಡಿ, ಕಲಿಸಿಕೊಟ್ಟ ಹಾಗೆಯೇ ಕೈಯೆತ್ತಿ ವಾಹನ ಕೇಳಿದೆ.

ಅಂಕ ಹಾಕಲು ಬಂದ ಗಂಗಕ್ಕ, "ಇವ್ರ ಚೀಟಿ ಎಲ್ಲಿ?" ಎಂದರು.

ಚೀಟಿ ಇರಲಿಲ್ಲ. ಗಂಗಕ್ಕ ಬಗ್ಗಿ ಮುಖ ನೋಡಿ ಜೋರಾಗಿ ಸೀಟಿ ಊದಿದರು.

ಅವಳು ಕೋಲಸಿರ್ಸಿಯ ಮಾದೇವಿ. ಸೊಪ್ಪು ಮಾರಲು ಬಂದವಳಿಗೆ ರಕ್ತದಲ್ಲಿ ಸಕ್ಕರೆ ಅಂಶ ಇಳಿದು ಪ್ರಜ್ಞೆ ತಪ್ಪಿತ್ತು. ಕವಳ ಗಂಟಲಿಗೆ ಇಳಿದಿದ್ದರೆ ಉಳಿಯುತ್ತಿರಲಿಲ್ಲ ಎಂದರು ವೈದ್ಯರು. ದಳದವರು ನನಗೆ ಶಾಲು ಹೊದಿಸಿ ಸನ್ಮಾನಿಸಿದರು.

"ನಾನು ನಾಟಕ ಅಂದ್ಕಂಡೇ ಮಾಡಿದ್ದು," ಎಂದು ಗಂಗಕ್ಕನಿಗೆ ಹೇಳಿದೆ.

"ಅದ್ಕೇ ಕೈ ನಡುಗ್ಲಿಲ್ಲ. ಬಿಡು," ಎಂದರು.

ಬಿಡುವುದು ಹೇಗೆ? ಕೆಲವೇ ತಿಂಗಳಲ್ಲಿ ಶಿರಸಿಯ ದಾರಿಯಲ್ಲಿ ಬೈಕೊಂದು ಉರುಳಿತು. ಈ ಸಲ ಎಲ್ಲವೂ ನಿಜವೆಂದು ಗೊತ್ತಿತ್ತು. ಹುಡುಗಿಯೊಬ್ಬಳ ಮೊಣಕೈಯಿಂದ ರಕ್ತ ಸುರಿಯುತ್ತಿದ್ದರೂ ನನಗೆ ಗಂಟು ಹಾಕಲಾಗಲಿಲ್ಲ. ಗಂಗಕ್ಕ ನನ್ನನ್ನು ಸರಿಸಿ ತಾವೇ ಕಟ್ಟಿದರು. ಹುಡುಗಿ ಉಳಿದಳು. ಆದರೆ ನಾಟಕವೆಂದುಕೊಂಡು ಜೀವ ಉಳಿಸಿದವ, ನಿಜವೆಂದು ತಿಳಿದು ಕೈಸೋತವ, ಆ ಇಬ್ಬರಲ್ಲಿ ನಾನು ಯಾರು? ದಳ ಬಿಟ್ಟ ಮೇಲೂ ಉತ್ತರ ಸಿಕ್ಕಿಲ್ಲ.

ಮಾದೇವಿ ಚೇತರಿಸಿಕೊಂಡು ಮತ್ತೆ ಸೊಪ್ಪು ಮಾರಲು ಬಂದಾಗ ಅವಳಿಗೂ ತಪ್ಪೊಪ್ಪಿಕೊಂಡಿದ್ದೆ: "ನೀವು ನಾಟಕ ಮಾಡ್ತಿದ್ರಿ ಅಂದ್ಕಂಡಿದ್ದೆ."

ಅವಳು ಸೊಪ್ಪಿಗೆ ನೀರು ಚಿಮುಕಿಸುತ್ತ, "ನಾನೂ ನಿಮ್ಮ ನಾಟಕ ನೋಡ್ವಾ ಅಂತೇ ಅಲ್ಲಿ ಕೂತಿದ್ದು ಮಾರಾಯಾ," ಎಂದಳು.

ಮೊನ್ನೆ ಅಂಗಡಿಯಿಂದ ಹೊರಟು ಶಿರಸಿ ಬಸ್ ನಿಲ್ದಾಣಕ್ಕೆ ಬಂದರೆ ಬೆಂಚಿನ ಮೇಲೆ ಒಬ್ಬ ಬಾಯಿ ತೆರೆದು ಬಿದ್ದಿದ್ದ. ಕುಡಿದವನೋ, ಕಾಯಿಲೆಯವನೋ ತಿಳಿಯದೆ ಜನ ದಾಟಿ ಹೋಗುತ್ತಿದ್ದರು. ನನಗೂ ತಿಳಿಯಲಿಲ್ಲ. ತಿಳಿಯುವ ಮುಂಚೆಯೇ ಮೊಣಕಾಲೂರಿ ಭುಜ ತಟ್ಟಿದ್ದೆ.

ಅವನು ಗಡಬಡಿಸಿ ಎದ್ದ. "ಎಂತಕ್ಕೆ ಎಬ್ಬಿಸ್ತ್ರಿ? ಯಲ್ಲಾಪುರ ಬಸ್ ಬಂತಾ?"

"ಇನ್ನೂ ಬರ್ಲಿಲ್ಲ, ಮಲ್ಕಳಿ," ಎಂದೆ. ಬಸ್ಸು ಬರುವವರೆಗೂ ಅವನ ಪಕ್ಕದಲ್ಲೇ ಕುಳಿತಿದ್ದು, ಬಂದಾಗ ಮತ್ತೊಮ್ಮೆ ಎಬ್ಬಿಸಿದೆ.