ನೀರು ನನ್ನದು, ಕರೆಂಟು ಅವಳದು

ಹೆಂಡತಿ ತರಿಸಿದ್ದ ಕೊನೆಯ ಪಾರ್ಸೆಲ್ ಬಂದದ್ದು ಅವಳ ಹದಿಮೂರನೆಯ ದಿನದ ಕಾರ್ಯ ಮುಗಿದು ನಾನು ಮತ್ತೆ ಅಂಗಡಿ ತೆರೆದ ವಾರ. ಮಡಂತ್ಯಾರಿನಲ್ಲಿ ನನ್ನದು ಪಂಪು ರಿಪೇರಿಯ ಸಣ್ಣ ಅಂಗಡಿ. ಮನೆಗೆ ಬರಬೇಕಾದ ಪಾರ್ಸೆಲ್‌ಗಳನ್ನೂ ಅಲ್ಲಿಗೇ ತಂದುಕೊಡುತ್ತಾರೆ. ಕೊರಿಯರಿನವರು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, "ಅಕ್ಕನ ಫೋನ್ ಸ್ವಿಚ್ ಆಫ್ ಬರ್ತಾ ಉಂಟಲ್ಲ, ಊರಲ್ಲಿಲ್ವಾ?" ಎಂದು ಕೇಳಿದರು. "ಇಲ್ಲ" ಎಂದು ಹೇಳಿ ಸಹಿ ಹಾಕಿದೆ. ಅದು ಸುಳ್ಳೇನೂ ಅಲ್ಲ.

ನನ್ನ ಹೆಂಡತಿ ಮನೆಯಲ್ಲಿ ಕೂತು ಮದುವೆ ಆಲ್ಬಮ್‌ಗಳನ್ನು ಡಿಸೈನ್ ಮಾಡುತ್ತಿದ್ದಳು. ಬೆಳ್ತಂಗಡಿಯ ಒಂದು ಸ್ಟುಡಿಯೋದವರು ಫೋಟೋ ಕಳಿಸುತ್ತಿದ್ದರು, ಇವಳು ಪುಟಗಳಾಗಿ ಜೋಡಿಸಿ ಕೊಡುತ್ತಿದ್ದಳು. ಮಾರ್ಚ್ ಬಂತೆಂದರೆ ಕಂಪ್ಯೂಟರ್ ಕಾದು, ಕೆಲಸದ ನಡುವೆ ತಾನಾಗಿಯೇ ಆಫ್ ಆಗುತ್ತಿತ್ತು. ನೀರಿನಿಂದ ಅದನ್ನು ತಂಪು ಮಾಡಬಹುದು ಎಂದು ಅವಳೇ ಎಲ್ಲಿಯೋ ನೋಡಿ ಕಲಿತಳು. ಒಂದು ಸಣ್ಣ ಪಂಪು, ಒಂದು ಟ್ಯಾಂಕು, ಪ್ರೊಸೆಸರಿನ ಮೇಲೆ ಕೂರುವ ತಾಮ್ರದ ತುಂಡು, ಬಿಸಿ ನೀರನ್ನು ಆರಿಸುವ ರೇಡಿಯೇಟರ್, ಎಲ್ಲವನ್ನೂ ಸೇರಿಸುವ ಟ್ಯೂಬು. ಅದೇ ನೀರು ಅದರೊಳಗೇ ಸುತ್ತುತ್ತಿರುತ್ತದೆ. ಒಂದೊಂದೇ ಸಾಮಾನು ತರಿಸಿ ಮಂಚದ ಕೆಳಗೆ ಇಡುತ್ತಿದ್ದಳು.

"ಇದು ನಿಮ್ಮ ಕೈಯಲ್ಲಿ ಆಗುವ ಕೆಲಸ," ಎಂದಿದ್ದಳು. "ನೀರು ನಿಮ್ಮದು, ಕರೆಂಟು ನನ್ನದು. ಎಲ್ಲ ಬರಲಿ, ಒಂದು ಆದಿತ್ಯವಾರ ಕೂತು ಮಾಡುವ."

"ಕಂಪ್ಯೂಟರಿಗೆ ನೀರು ಬಿಡುವುದಾ? ಜನ ಗೊತ್ತಾದರೆ ನನ್ನ ಅಂಗಡಿಗೆ ಬರುವುದನ್ನೇ ಬಿಡ್ತಾರೆ."

"ಈಗ ಭಾರೀ ಬರ್ತಾ ಇದ್ದಾರಾ?"

ಹದಿನೆಂಟು ವರ್ಷಗಳಲ್ಲಿ ನಾವಿಬ್ಬರೂ ಕೂತು ಒಂದೇ ಕೆಲಸಕ್ಕೆ ಕೈ ಹಾಕಿದ್ದು ನನಗೆ ನೆನಪಿಲ್ಲ. ಅವಳ ಕೆಲಸ ಅವಳಿಗೆ, ನನ್ನದು ನನಗೆ. ಇದೊಂದನ್ನು ಸೇರಿ ಮಾಡಬೇಕೆಂದಿತ್ತು. ಜ್ವರ ಎಂದು ಮಲಗಿದವಳು ನಾಲ್ಕನೆಯ ದಿನ ಇರಲಿಲ್ಲ. ಆ ಸಾಮಾನುಗಳನ್ನು ಯಾರಿಗೂ ಕೊಡದೆ ನಾನೇ ಜೋಡಿಸಬೇಕೆಂದು ನಿಶ್ಚಯಿಸಿದೆ. ಹೆದರಿಕೆಯಿದ್ದದ್ದು ಒಂದಕ್ಕೇ. ಒಂದು ಹನಿ ಸೋರಿದರೂ ಅವಳ ಕಂಪ್ಯೂಟರನ್ನು ನನ್ನ ಕೈಯಾರೆ ಹಾಳು ಮಾಡಿದ ಹಾಗಾಗುತ್ತಿತ್ತು.

ಮೊದಲ ದಿನವೇ ತಪ್ಪು ಮಾಡಿದೆ. ಪಂಪಿನ ಕೆಲಸ ಮಾಡಿದ ಕೈ ತಿರುಪಿನ ಥ್ರೆಡ್ ಕಂಡಲ್ಲಿ ಸೋರದ ಹಾಗೆ ಟೆಫ್ಲಾನ್ ಟೇಪ್ ಸುತ್ತುತ್ತದೆ, ಆಮೇಲೆ ಪೈಪ್ ರೆಂಚ್ ಹುಡುಕುತ್ತದೆ. ಟ್ಯಾಂಕು ಗಾಜಿನಂಥ ಪ್ಲಾಸ್ಟಿಕ್ಕಿನದು. ಟ್ಯೂಬು ಸೇರಿಸುವ ತಿರುಪಿಗೆ ಹತ್ತು ಸುತ್ತು ಟೇಪ್ ಸುತ್ತಿ, ಇನ್ನು ಅರ್ಧ ತಿರುವು ಇರಲಿ ಎಂದು ಬಿಗಿ ಮಾಡಿದಾಗ ಟಿಕ್ ಎಂದಿತು. ತೂತಿನ ಬಾಯಿಂದ ಕೆಳಗಿನವರೆಗೆ ಕೂದಲಿನಂಥ ಗೆರೆ ಎದ್ದಿತ್ತು.

ಸ್ಟುಡಿಯೋದ ಹೆಂಗಸಿಗೆ ಫೋನ್ ಮಾಡಿ ಟ್ಯಾಂಕು ಬಿರಿದದ್ದು ಹೇಳಿದೆ. ಇವಳನ್ನು ಅಕ್ಕ ಎನ್ನುತ್ತಿದ್ದವರು, ನನ್ನನ್ನು ಭಾವ ಎಂದೇ ಕರೆಯುತ್ತಾರೆ.

"ರೆಂಚ್ ಹಾಕಿದ್ರಾ?" ಎಂದರು. "ದೇವರೇ! ಅದು ಬೋರ್‌ವೆಲ್ಲಾ ಭಾವ? ಒಳಗೆ ರಬ್ಬರ್ ರಿಂಗ್ ಉಂಟು, ಕೈಯಲ್ಲಿ ತಿರುಗಿಸಿದರೆ ಸಾಕು. ಅಕ್ಕ ನನಗೆ ಎಷ್ಟು ಸಲ ಹೇಳಿದ್ದಾರೆ."

"ನನಗೆ ಹೇಳಲಿಲ್ಲ."

"ಹೇಳುವವರಿದ್ದರು. ನಮ್ಮವರ ಕೈಗೆ ಪ್ಲಾಸ್ಟಿಕ್ ಕೊಡುವ ಮೊದಲು ರೆಂಚ್ ಅಡಗಿಸಿಡಬೇಕು ಅಂತ ನಗಾಡ್ತಿದ್ರು. ಮಂಗಳೂರಿನಿಂದ ಒಬ್ಬರನ್ನು ಕರೆಸುವನಾ ಭಾವ? ಅರ್ಧ ದಿನದಲ್ಲಿ ಮಾಡಿ ಹೋಗ್ತಾರೆ."

"ಬೇಡ. ಟ್ಯಾಂಕು ಮಾತ್ರ ಇನ್ನೊಂದು ತರಿಸಿಕೊಡಿ."

"ಆಯ್ತು. ಮತ್ತೆ ಬಾವಿ ನೀರು ಹಾಕಿಬಿಡಬೇಡಿ. ಬ್ಯಾಟರಿಗೆ ಹಾಕ್ತಾರಲ್ಲ, ಆ ನೀರು."

ಹೊಸ ಟ್ಯಾಂಕು ಬರುವವರೆಗೆ ಹತ್ತು ದಿನ ಕಾದೆ. ಬಂದ ಮೇಲೆ ಉಪಕರಣಗಳ ಚೀಲವನ್ನು ಅಂಗಡಿಯಲ್ಲೇ ಬಿಟ್ಟು ಮನೆಗೆ ಹೋದೆ. ಆದಿತ್ಯವಾರ ಬೆಳಿಗ್ಗೆ ನೆಲದ ಮೇಲೆ ಕೂತು ಎಲ್ಲವನ್ನೂ ಕೈಯಲ್ಲೇ ತಿರುಗಿಸಿದೆ. ಬಿಗಿಯಾಯಿತು ಅನ್ನಿಸಿದಲ್ಲಿ ನಿಲ್ಲಿಸುವುದೇ ಕಷ್ಟವಾಯಿತು. ಟ್ಯೂಬು ಕತ್ತರಿಸುವಾಗ ಒಂದು ತುದಿ ಹಿಡಿಯಲು ಯಾರಾದರೂ ಇದ್ದರೆ ಒಳ್ಳೆಯದಿತ್ತು. ಕಾಲಿನಿಂದ ಒತ್ತಿ ಹಿಡಿದುಕೊಂಡೆ.

ನೀರು ತುಂಬಿಸಿ, ಪ್ರತಿ ಜೋಡಣೆಯ ಕೆಳಗೆ ಟಿಶ್ಯೂ ಕಾಗದ ಇಟ್ಟು, ಪಂಪಿಗೆ ಮಾತ್ರ ಕರೆಂಟು ಕೊಟ್ಟೆ. ಪಂಪು ಕರಕರ ಎಂದಿತು. ಅದು ನನಗೆ ಗೊತ್ತಿರುವ ಸದ್ದು, ಗಾಳಿ ಹಿಡಿದಿದೆ. ಕಂಪ್ಯೂಟರಿನ ಪೆಟ್ಟಿಗೆಯನ್ನು ಎತ್ತಿ ಆಚೆಗೊಮ್ಮೆ ಈಚೆಗೊಮ್ಮೆ ವಾಲಿಸಿದೆ. ಗುಳ್ಳೆಗಳು ಟ್ಯಾಂಕಿಗೆ ಬಂದು ಒಡೆದವು, ಸದ್ದು ಇಳಿಯಿತು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಕಾಗದಗಳನ್ನು ಒಂದೊಂದಾಗಿ ತೆಗೆದು ಕೆನ್ನೆಗೆ ಒತ್ತಿ ನೋಡಿದೆ. ಎಲ್ಲ ಒಣಗಿಯೇ ಇದ್ದವು. ಬಿಚ್ಚಿದ್ದ ವೈರುಗಳನ್ನು, ಮೊದಲೇ ಫೋನಿನಲ್ಲಿ ತೆಗೆದಿಟ್ಟ ಚಿತ್ರ ನೋಡಿಕೊಂಡು, ಅವಳು ಸಿಕ್ಕಿಸಿದ್ದ ಜಾಗಗಳಿಗೇ ಮತ್ತೆ ಸಿಕ್ಕಿಸಿದೆ.

ಇನ್ನು ಕಂಪ್ಯೂಟರಿನ ಗುಂಡಿ ಒತ್ತುವುದಷ್ಟೇ ಉಳಿದಿತ್ತು. ಕೈ ಮುಂದೆ ಹೋಗಲಿಲ್ಲ.

ಯಾರ ಮನೆಯಲ್ಲಾದರೂ ಪಂಪು ಕೂರಿಸಿದ ಮೇಲೆ ಸ್ವಿಚ್ ಹಾಕುವುದು ನಾವಲ್ಲ. ಆ ಮನೆಯ ಯಾರಾದರೂ ಒಳಗೆ ಹೋಗಿ ಹಾಕುತ್ತಾರೆ, ಹೆಚ್ಚಾಗಿ ಹೆಂಗಸರು. ನಾವು ಹೊರಗೆ ಪೈಪಿನ ಬಾಯಿಯ ಹತ್ತಿರ ನಿಂತಿರುತ್ತೇವೆ. ನೀರು ಕಂಡ ಕೂಡಲೇ "ಬತ್ತ್ಂಡ್!" ಎಂದು ತುಳುವಿನಲ್ಲಿ ಕೂಗುತ್ತೇವೆ, ಬಂತು ಎಂದು. ಒಳಗಿದ್ದವರು ಆಮೇಲೆಯೇ ಸ್ವಿಚ್ಚಿನ ಹತ್ತಿರದಿಂದ ಹೊರಗೆ ಬರುವುದು. ಸಾವಿರ ಮನೆಗಳಲ್ಲಿ ಹಾಗೆ ಕೂಗಿದ್ದೇನೆ.

ಸುಮಾರು ಹೊತ್ತು ಕೂತಿದ್ದೆ. ಕೊನೆಗೆ ನಾನೇ ಒತ್ತಿದೆ. ನೀರು ಓಡಿತು, ಪರದೆಯ ಮೇಲೆ ಬೆಳಕು ಬಂತು.

"ಬತ್ತ್ಂಡ್," ಎಂದೆ. ಮನೆಯೊಳಗೆಲ್ಲ ಕೇಳುವಷ್ಟು ಜೋರಾಗಿಯೇ ಎಂದೆ.