ಕೇಳಿದ್ದು ಮಾಡಿಕೊಡಿ

ನನ್ನ ಹೆಂಡತಿ ನಾಲ್ಕು ವರ್ಷ ನನ್ನನ್ನು ಬೇಳೆಯಿಂದ ಕಾಪಾಡಿದಳು. ಕಿಡ್ನಿ ಸೋಲುತ್ತಿದೆ, ಬೇಳೆಕಾಳು, ಮೊಟ್ಟೆ, ಮಾಂಸ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ ದಿನದಿಂದ ತ್ಯಾಗರಾಜನಗರದ ನಮ್ಮ ಅಡುಗೆಮನೆಯಲ್ಲಿ ಅವಳದೇ ಕಾನೂನು. ಉಪ್ಪಿಟ್ಟಿನ ಒಗ್ಗರಣೆಯಲ್ಲಿ ಒಂದು ಕಡಲೆಬೇಳೆ ಕಂಡರೂ ನನ್ನ ತಟ್ಟೆಯಿಂದ ಹೆಕ್ಕಿ ತನ್ನ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಸಾರಿನ ತಿಳಿ ನನಗೆ, ಗಟ್ಟಿ ಅವಳಿಗೆ. ನಾನೇನು ಸುಮ್ಮನಿರುವ ಆಸಾಮಿಯೇ? ಕೂಗಾಡುತ್ತಿದ್ದೆ. ಅಲ್ಲ, ಒಕ್ಕಲು ಮನೆಯಲ್ಲಿ ಹುಟ್ಟಿ ಹುರುಳಿ, ಅವರೆ, ಮೊಳಕೆಕಾಳು ತಿಂದು ಬೆಳೆದವನಿಗೆ ಬೆಳಬೆಳಿಗ್ಗೆ ಸಬ್ಬಕ್ಕಿ ಗಂಜಿ! ಇದೂ ಒಂದು ತಿಂಡಿಯೇ?

"ತಿಂಡಿ ಅಲ್ಲ ರೀ, ಔಷಧಿ. ಸುಮ್ನೆ ಕುಡೀರಿ," ಎನ್ನುತ್ತಿದ್ದಳು.

ಕುಡಿದೆ. ಆದರೂ ಕಿಡ್ನಿ ಕೈಕೊಟ್ಟಿತು. ಹೋದ ದೀಪಾವಳಿ ಹೊತ್ತಿಗೆ ಡಯಾಲಿಸಿಸ್ ಶುರುವಾಯಿತು. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಇಬ್ಬರೂ ಆಟೋ ಹತ್ತಿ ಚಾಮರಾಜಪೇಟೆಗೆ ಹೋಗಬೇಕು. ಅದೇ ಪೇಟೆಯಲ್ಲಿ ಅರ್ಧ ಆಯುಸ್ಸು ಪ್ರಿಂಟಿಂಗ್ ಪ್ರೆಸ್ ನಡೆಸಿದವನು ನಾನು. ಮದುವೆ ಕಾರ್ಡನ್ನೂ ತಿಥಿ ಕಾರ್ಡನ್ನೂ ಒಂದೇ ಮೆಷಿನ್ನಿನಲ್ಲಿ ಹೊಡೆದಿದ್ದೇನೆ, ಸಾವೆಂದರೆ ನನಗೇನೂ ಅಂಜಿಕೆಯಿಲ್ಲ ಎಂಬ ಜಂಬವಿತ್ತು. ಮಲಗಿಕೊಂಡು ನನ್ನ ರಕ್ತವೇ ಇನ್ನೊಂದು ಮೆಷಿನ್ನಿನೊಳಗೆ ಹೋಗಿ ಬರುವುದನ್ನು ನೋಡಿದ ಮೇಲೆ ಜಂಬ ಇಳಿಯಿತು.

ಮೊದಲ ವಾರವೇ ಅಲ್ಲಿನ ಡಯಟಿಷಿಯನ್ ಹುಡುಗಿ ನಮ್ಮಿಬ್ಬರನ್ನೂ ಕೂರಿಸಿಕೊಂಡು, "ಇನ್ಮೇಲೆ ಅಂಕಲ್‌ಗೆ ಪ್ರೋಟೀನ್ ಜಾಸ್ತಿ ಕೊಡ್ಬೇಕು ಆಂಟಿ. ಬೆಳಿಗ್ಗೆ ತಿಂಡಿಯಿಂದಾನೇ ಶುರು ಮಾಡಿ. ಮೊಟ್ಟೆ ಬಿಳಿ ಭಾಗ, ಹೆಸರುಬೇಳೆ ದೋಸೆ, ಅವ್ರು ಕೇಳಿದ್ದು ಮಾಡ್ಕೊಡಿ. ಒಟ್ನಲ್ಲಿ ತಿನ್ಲಿ," ಎಂದಳು. ನನಗೆ ಎದ್ದು ಕುಣಿಯುವಷ್ಟು ಖುಷಿ. ಹೆಂಡತಿಯ ಕಡೆ ತಿರುಗಿದರೆ ಅವಳ ಮುಖ ಬಿಳಿಚಿಕೊಂಡಿತ್ತು. ಆ ಹುಡುಗಿ ಇನ್ನೂ ಏನೇನೋ ಹೇಳುತ್ತಿದ್ದಳು, ಇವಳ ಕಿವಿಗೆ ಯಾವುದೂ ಬೀಳುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ನನ್ನ ಮುಂದೆ ಬಂದದ್ದು ಸಬ್ಬಕ್ಕಿ ಗಂಜಿ.

"ಮೊಟ್ಟೆ ಎಲ್ಲೇ?"

"ಅಂಗಡೀಲಿ ಖಾಲಿ ಆಗಿತ್ತು."

ಬೀದಿಗೊಂದು ಮೊಟ್ಟೆ ಅಂಗಡಿ ಇರುವ ಊರಿನಲ್ಲಿ! ಆಚೆ ದಿನ ಬೇಳೆ ನೆನೆಹಾಕಲು ಮರೆತೆ ಎಂದಳು. ಅದರಾಚೆ ದಿನ ಮಿಕ್ಸಿ ಕೆಟ್ಟಿತ್ತು. ನಾನೇ ಏದುಸಿರು ಬಿಡುತ್ತಾ ಹೋಗಿ ಮೊಟ್ಟೆ ತಂದಿಟ್ಟರೆ, ಸಂಜೆಗೆ ಅವು ಪಕ್ಕದ ಮನೆಗೆ ದಾನವಾಗಿದ್ದವು. ಎಂಥ ಹಟಮಾರಿ ಹೆಂಗಸಪ್ಪಾ ಎಂದು ಹಲ್ಲು ಕಡಿದೆ.

ಇತ್ತ ನನ್ನ ಶಕ್ತಿ ಸೋರಿಹೋಗುತ್ತಿತ್ತು. ಪಾದಗಳು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ತೋಳು ಮಾತ್ರ ಕಡ್ಡಿ. ರಕ್ತ ಪರೀಕ್ಷೆಯ ರಿಪೋರ್ಟು ನೋಡಿದ ಡಾಕ್ಟರು, "ಪ್ರೋಟೀನ್ ತುಂಬಾ ಇಳಿದಿದೆ. ಹೀಗೇ ಆದ್ರೆ ಅಡ್ಮಿಟ್ ಮಾಡ್ಬೇಕಾಗತ್ತೆ. ಸರಿಯಾಗಿ ತಿಂತಿದೀರಾ ತಾನೆ?" ಎಂದರು. ಹೆಂಡತಿ ನೆಲ ನೋಡುತ್ತಿದ್ದಳು. ಅವಳನ್ನು ಬಿಟ್ಟುಕೊಡಲು ಮನಸ್ಸಾಗದೆ, "ಬಾಯಿಗೆ ರುಚಿ ಇಲ್ಲ ಡಾಕ್ಟ್ರೇ," ಎಂದೆ.

ಅಷ್ಟು ಸುಳ್ಳು ಹೇಳಿ ಬಂದ ಮೇಲೂ ಮಾರನೆಯ ಬೆಳಿಗ್ಗೆ ಅದೇ ಗಂಜಿ. ನನ್ನ ತಲೆ ಕೆಟ್ಟುಹೋಯಿತು. ಲೋಟ ತಳ್ಳಿ, "ಏನೇ, ನಾನು ಸಾಯ್ಬೇಕಾ ನಿಂಗೆ?" ಎಂದು ಕಿರುಚಿದೆ.

ಅವಳು ಸೌಟನ್ನು ಕೆಳಗಿಟ್ಟಳು. "ನಿಮ್ಮಪ್ಪಂಗೆ ಡಾಕ್ಟ್ರು ಏನಂದಿದ್ರು, ನೆನಪಿದ್ಯಾ?"

ನೆನಪಾಯಿತು. ನಮ್ಮ ಮದುವೆಯಾದ ಹೊಸತು. ಆಸ್ಪತ್ರೆಯಲ್ಲಿ ಡಾಕ್ಟರು ನಮ್ಮನ್ನು ಬದಿಗೆ ಕರೆದು, ಅಪ್ಪನನ್ನು ಮನೆಗೆ ಕರೆದುಕೊಂಡು ಹೋಗಿ, ಕೇಳಿದ್ದು ಮಾಡಿಕೊಡಿ ಎಂದಿದ್ದರು. ಅಪ್ಪ ಕೇಳಿದ್ದು ಹಿತಕಿದಬೇಳೆ ಸಾರು. ಹೊಸ ಸೊಸೆ ಅವರೆಕಾಳು ನೆನೆಸಿ, ಒಂದೊಂದರ ಸಿಪ್ಪೆಯನ್ನೂ ಹಿಸುಕಿ ತೆಗೆದು, ಸಾರು ಮಾಡಿ ಮುದ್ದೆಯ ಜೊತೆ ಬಡಿಸಿದ್ದಳು. ಅಪ್ಪ ಹೊಟ್ಟೆ ತುಂಬ ಉಂಡು, ಸೊಸೆಯ ಕೈ ಅಂದರೆ ಕೈ ಎಂದಿದ್ದರು. ಆ ವಾರವೇ ಹೋದರು.

"ನನ್ ಕೈಯಾರೆ ಬಡಿಸಿದ್ದು ರೀ," ಎಂದಳು. "ಈ ಹುಡುಗೀನೂ ಅದೇ ಮಾತಂದ್ಲು. ನಾಲ್ಕು ವರ್ಷ ಬೇಡ ಬೇಡ ಅಂದೋರು ಇದ್ದಕ್ಕಿದ್ದಂಗೆ ಕೇಳಿದ್ದೆಲ್ಲ ತಿನ್ಲಿ ಅಂದ್ರೆ ಏನರ್ಥ? ನಾನಂತೂ ಮಾಡಲ್ಲ. ನಾನು ಬಡಿಸೋ ತನಕ ನೀವು ಎಲ್ಲೂ ಹೋಗಲ್ಲ."

ಅವಳು ಹೇಳಿದ್ದು ನಿಜವೇ ಇರಬಹುದಲ್ಲ! ಡಾಕ್ಟರುಗಳು ಇಂಥದ್ದನ್ನು ನೇರವಾಗಿ ಎಲ್ಲಿ ಹೇಳುತ್ತಾರೆ? ಭಯ ಎಂದರೇನೆಂದು ಆಗ ಗೊತ್ತಾಯಿತು. ತಳ್ಳಿದ್ದ ಲೋಟವನ್ನೇ ಎಳೆದುಕೊಂಡು ಗಂಜಿ ಕುಡಿದೆ.

ಶನಿವಾರ ಆಟೋ ಗಾಂಧಿ ಬಜಾರಿನ ಮೇಲೆ ಹೋಯಿತು. ರಸ್ತೆಯಂಚಿನಲ್ಲಿ ಅವರೆಕಾಯಿ ರಾಶಿ, ಸೊಗಡಿನ ವಾಸನೆ ಮೂಗಿಗೆ ಹೊಡೆಯಿತು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಆಚೆ ತಿರುಗಿದಳು.

ಡಯಾಲಿಸಿಸ್ ಮುಗಿಯುತ್ತಾ ಬಂದಾಗ ನನ್ನ ಕಿವಿಯಲ್ಲಿ ಗುಂಯ್ ಎಂದಿತು. ಮೈಯೆಲ್ಲ ಬೆವರು. ಬಿ.ಪಿ. ಬೀಳ್ತಿದೆ ಎಂದು ಯಾರೋ ಕೂಗಿದರು, ಯಾರೋ ನನ್ನ ಕಾಲುಗಳನ್ನು ಮೇಲೆತ್ತಿದರು. ಕಣ್ಣು ಕತ್ತಲಿಟ್ಟಿತು. ಆ ಕತ್ತಲೆಯಲ್ಲಿ ಕೇಳಿಸಿದ್ದು ನನ್ನ ಹೆಂಡತಿಯ ಧ್ವನಿ. ವಾರ್ಡಿಗೆ ವಾರ್ಡೇ ಕೇಳುವಂತೆ ಡಾಕ್ಟರ ಮೇಲೆ ಎಗರುತ್ತಿದ್ದಳು.

"ಮುಚ್ಚುಮರೆ ಬೇಡ ಡಾಕ್ಟ್ರೇ! ಇನ್ನೆಷ್ಟು ದಿನ ಅಂತ ಹೇಳ್ಬಿಡಿ!"

"ಯಾಕಮ್ಮ, ಯಾರು ಹಾಗಂದಿದ್ದು?"

"ಕೇಳಿದ್ದು ಮಾಡ್ಕೊಡಿ ಅಂತ ನಿಮ್ಮೋರೇ ತಾನೆ ಅಂದಿದ್ದು? ಹೋಗೋರಿಗಲ್ವಾ ಹಂಗನ್ನೋದು? ಅದಕ್ಕೇ ನಾನು ಏನೂ ಮಾಡ್ಕೊಡ್ಲಿಲ್ಲ!"

ಡಾಕ್ಟರು ಸ್ಟೂಲು ಎಳೆದುಕೊಂಡು ಕೂತರು. ನನಗೆ ಅಷ್ಟರಲ್ಲಿ ಕಣ್ಣು ತಿಳಿಯಾಗುತ್ತಿತ್ತು.

"ಆಗ ಕಿಡ್ನಿ ಉಳಿಸ್ಕೊಳ್ಳೋಕೆ ಬೇಡ ಅಂದ್ವಿ ಅಮ್ಮ. ಈಗ ರಕ್ತ ತೊಳೆಯೋ ಕೆಲಸ ಮೆಷಿನ್ ಮಾಡ್ತಿದೆ. ಅದು ಕಸದ ಜೊತೆ ಒಂದಿಷ್ಟು ಪ್ರೋಟೀನನ್ನೂ ತೊಳೆದು ಹಾಕ್ಬಿಡತ್ತೆ. ಅದನ್ನ ನೀವು ವಾಪಸ್ ತುಂಬಿಸ್ಬೇಕು. ಹೋಗೋರಿಗೆ ಹೇಳೋ ಮಾತಲ್ಲ ಇದು. ಇವ್ರು ಇರ್ಬೇಕು ಅಂತಾನೇ ತಿನ್ಲಿ ಅಂತಿರೋದು."

"ಆಣೆ ಮಾಡಿ."

ಡಾಕ್ಟರಿಗೆ ನಗು ಬಂತು. ಅವಳ ಮುಖ ನೋಡಿ ನಗು ನಿಲ್ಲಿಸಿ, "ಆಣೆ," ಎಂದರು.

ಮನೆಗೆ ಬಂದವಳೇ ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ನುಗ್ಗಿದಳು. ಪಕ್ಕದ ಮನೆಯಿಂದ ಮೊಟ್ಟೆ ಇಸಕೊಂಡು ಬಂದು ಬೇಯಿಸಿದಳು. ವೆಂಕಟರಮಣನ ವಾರ ಎಂದು ಶನಿವಾರ ಮೊಟ್ಟೆಯ ಹೆಸರನ್ನೂ ಎತ್ತಗೊಡದವಳು. ಹಳದಿ ತೆಗೆದು, ಬಿಳಿ ಭಾಗದ ಮೇಲೆ ಮೆಣಸಿನಪುಡಿ ಉದುರಿಸಿ ತಟ್ಟೆ ಇಟ್ಟು ಎದುರಿಗೇ ಕೂತಳು. ನಾನು ನುಂಗಿದ ಒಂದೊಂದು ತುತ್ತನ್ನೂ ಹೆದರಿ ಹೆದರಿ ನೋಡಿದಳು. ಆ ವಾರವೆಲ್ಲ ನಾನು ಕೆಮ್ಮಿದರೂ ಓಡಿ ಬರುತ್ತಿದ್ದಳು.

ವಾರ ಕಳೆಯಿತು. ಇನ್ನೊಂದು ವಾರವೂ ಕಳೆಯಿತು. ಈಗ ತಿಂಡಿಗೆ ಹೆಸರುಬೇಳೆ ದೋಸೆ ಇರುತ್ತದೆ, ಮೊಟ್ಟೆ ಇರುತ್ತದೆ. ಪಾದದ ಊತ ಇಳಿದು ಚಪ್ಪಲಿ ಹಿಡಿಸುತ್ತಿದೆ. ಬಾಯಿ ರುಚಿ ಹತ್ತಿದ ಮೇಲೆ ಸುಮ್ಮನಿರುತ್ತದೆಯೇ? ಅವರೆಕಾಯಿ ಕಾಲ ಮುಗಿಯುವ ಮುಂಚೆ ಒಂದೇ ಒಂದು ಸಲ ಹಿತಕಿದಬೇಳೆ ಸಾರು ಮಾಡೇ ಎಂದು ದಿನಾ ಗೋಗರೆಯುತ್ತಿದ್ದೆ.

"ಅದೊಂದು ಕೇಳ್ಬೇಡಿ."

"ಒಂಚೂರು ತಿನ್ಬೋದು ಅಂತ ಡಾಕ್ಟ್ರೇ ಹೇಳಿದಾರಲ್ಲೇ."

"ಡಾಕ್ಟ್ರು ಸಾವಿರ ಹೇಳ್ಲಿ."

ಇವತ್ತು ಬೆಳಿಗ್ಗೆಯೂ ಕೇಳಿದೆ. ಅವಳು ಕಾವಲಿಯ ಮೇಲಿನ ಕಣ್ಣು ತೆಗೆಯದೆ, "ಮುಂದಿನ್ ವರ್ಷ ನೋಡೋಣ," ಎಂದಳು.

"ಮುಂದಿನ್ ವರ್ಷಾನೂ ಹಿಂಗೇ ಅನ್ನು," ಎಂದೆ.

ಅವಳು ನನ್ನ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು.